ಡಚ್ಚರ ಸೈಕಲ್ ಬಳಕೆ: ಒಂದು ಸ್ಪಷ್ಟನೆ

ಡಚ್ಚರಿಗೆ ಸೈಕಲ್ ಸವಾರಿ ರಕ್ತಗತ, ಆದ್ದರಿಂದ ಹೊರಗಿನವರು ಅವರಿಂದ ಕಲಿಯುವಂಥದ್ದೇನೂ ಇಲ್ಲ ಎಂಬ ಮಾತು ಜಾಲತಾಣಗಳಲ್ಲಿ ಹರಿದಾಡುತ್ತಿದೆ; ಅದು ಸರಿಯಲ್ಲ. ನೆದರ್ಲೆಂಡ್ಸ್‌ನ ನೆಲ ಬಹುಮಟ್ಟಿಗೆ ಸಮತಟ್ಟಾಗಿರುವುದು ನಿಜ, ಆದರೆ ಅದೇ ನೆಲದಲ್ಲಿ 1950 ಮತ್ತು 60ರ ದಶಕಗಳಲ್ಲಿ ಕಾರುಗಳು ಹೆಚ್ಚಿ ಸೈಕಲ್ ಬಳಕೆ ಕುಸಿದಿತ್ತು. 1971ರಲ್ಲಿ ರಸ್ತೆ ಅಪಘಾತಗಳಿಗೆ 3,000ಕ್ಕೂ ಹೆಚ್ಚು ಮಂದಿ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು; ಈ ಸಂಖ್ಯೆಯನ್ನು ಮರೆತು ಆ ದೇಶವನ್ನು ಹೊಗಳುವುದು ಅನ್ಯಾಯ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಹೆತ್ತವರು ಬೀದಿಗಿಳಿದರು, 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಕೆಲವು ಭಾನುವಾರ ಕಾರು ಸಂಚಾರವನ್ನೇ ನಿಷೇಧಿಸಿತು. ವಾಹನಗಳಿಂದ ಬೇರ್ಪಡಿಸಿದ, ಕೆಂಪು ಡಾಂಬರಿನ ಇಂದಿನ ಸೈಕಲ್ ಪಥಗಳು ಆ ಒತ್ತಾಯದ ನಂತರ ದಶಕಗಳ ಕಾಲ ಹಣ ಸುರಿದು ಕಟ್ಟಿದವು.