ದ್ವೀಪದಲ್ಲಿ ಬದುಕೋಕೆ ಬಿತ್ತನೆ ಬೀಜ ಬೇಕು

ಹಡಗು ಒಡೆದು ನಿರ್ಜನ ದ್ವೀಪ ಸೇರಿದವರ ಕಥೆ ಅಂದರೆ ಎಲ್ಲರೂ ಹೇಳುವುದು ಬೆಂಕಿ ಹೊತ್ತಿಸಿದ್ದು, ಮೀನು ಚುಚ್ಚಿದ್ದು, ತೆಪ್ಪ ಕಟ್ಟಿದ್ದು. ಮುಳಬಾಗಿಲು ಕಡೆಯ ರಾಗಿ ಹೊಲದವನಾದ ನನಗೆ ಅದೆಲ್ಲ ಮೊದಲ ನಾಲ್ಕು ದಿನದ ಸಾಹಸ. ನಿಜವಾದ ಕಥೆ ಶುರುವಾಗುವುದು ಕೈಗೆ ಬೀಜ ಸಿಕ್ಕ ಮೇಲೆ.

ಡೇನಿಯಲ್ ಡಿಫೋ 1719ರಲ್ಲಿ ಪ್ರಕಟಿಸಿದ ‘ರಾಬಿನ್ಸನ್ ಕ್ರೂಸೋ’ ನೋಡಿ. ಹಡಗು ಒಡೆದು ಒಬ್ಬನೇ ದ್ವೀಪ ಸೇರಿದ ಕ್ರೂಸೋ ಹಡಗಿನಿಂದ ತಂದ ಚೀಲವೊಂದರಲ್ಲಿ ಕೋಳಿಗೆ ಹಾಕುವ ಕಾಳು ಇತ್ತು. ಇಲಿ ತಿಂದು ಹೊಟ್ಟು ಉಳಿದಿದೆ ಅಂತ ಅವನು ಅದನ್ನು ಬಂಡೆ ಪಕ್ಕ ಕೊಡವಿಬಿಡುತ್ತಾನೆ. ಮಳೆ ಬಿದ್ದ ಮೇಲೆ ಅಲ್ಲಿ ಬಾರ್ಲಿ, ಜೊತೆಗೆ ಒಂದಿಷ್ಟು ಭತ್ತ! ದೇವರ ಪವಾಡ ಅಂತ ಅಳುತ್ತಾನೆ. ಚೀಲ ಕೊಡವಿದ್ದು ನೆನಪಾದಾಗ ಭಕ್ತಿ ಸ್ವಲ್ಪ ಇಳಿಯುತ್ತದೆ.

ಆ ಕಾಳನ್ನು ತಿನ್ನದೆ ಬಿತ್ತುತ್ತಾನೆ. ಆದರೆ ಮಳೆ ಲೆಕ್ಕ ಗೊತ್ತಿಲ್ಲ. ಬೇಸಿಗೆ ಮುಂದಿಟ್ಟುಕೊಂಡು ಬಿತ್ತಿದ. ಒಂದೂ ಏಳಲಿಲ್ಲ. ಸದ್ಯ, ಮೂರರಲ್ಲಿ ಒಂದು ಪಾಲು ಎತ್ತಿಟ್ಟಿದ್ದ. ಆ ಒಂದು ಹಿಡಿಯೇ ಅವನನ್ನು ಉಳಿಸಿದ್ದು. ಮೃಗಶಿರಾ, ಆರಿದ್ರಾ ಅಂತ ಮುಗಿಲು ನೋಡಿಕೊಂಡು ಕೂರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಮುಂದೆ ತೆನೆಗೆ ಹಕ್ಕಿಗಳ ಕಾಟ. ಅವನು ಬೆರ್ಚಪ್ಪ ನಿಲ್ಲಿಸಲಿಲ್ಲ, ಹಕ್ಕಿಗಳನ್ನೇ ಕೊಂದು ನೇತುಹಾಕಿದ. ಕಾಳು ಬಂತು, ಆದರೆ ರೊಟ್ಟಿಗೆ ಬೀಸೋ ಕಲ್ಲಿಲ್ಲ. ಗಟ್ಟಿ ಮರ ಕೊರೆದು ಒರಳು, ಒನಕೆ ಮಾಡಿಕೊಂಡ. ನಾವಿಕರ ಕೊರಳವಸ್ತ್ರವನ್ನೇ ಜರಡಿ ಮಾಡಿದ. ಬೆಳೆದದ್ದರಲ್ಲಿ ಒಂದು ಕಾಳನ್ನಾದರೂ ಬಾಯಿಗೆ ಹಾಕಿದ್ದು ನಾಲ್ಕನೇ ವರ್ಷದಲ್ಲಿ! ಹುಲಿ, ಸಿಂಹದ ಕಥೆಗಿಂತ ನನಗೆ ಮೈ ಜುಮ್ಮೆನಿಸಿದ್ದು ಇದು.

ಅಷ್ಟು ದಿನ ತಡೆದುಕೊಂಡನಲ್ಲ, ಅದು ಬರೀ ಗಟ್ಟಿ ಮನಸ್ಸಲ್ಲ. ಹಡಗಿನಿಂದ ಹೊತ್ತು ತಂದ ಬಿಸ್ಕತ್ತು, ರಮ್ಮು, ಬಡಗಿಯ ಪೆಟ್ಟಿಗೆ, ಬಂದೂಕು ಇತ್ತು. ದ್ವೀಪದಲ್ಲಿ ಆಡು, ಆಮೆ ಇದ್ದವು. ಹೊಟ್ಟೆ ತುಂಬಿದವನಿಗೆ ಬೀಜ ಉಳಿಸೋದು ಸುಲಭ. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದ ಕಾಲದಲ್ಲೂ ಅಷ್ಟೇ ಅಲ್ವಾ? ಹಗೇವು ಇದ್ದದ್ದು ಉಳ್ಳವರ ಮನೆಯಲ್ಲಿ. ಕೂಲಿಯವರ ಮನೆಯಲ್ಲಿ ಬರ ಬಂದರೆ ಬಿತ್ತನೆ ಬೀಜವೂ ಒಲೆ ಸೇರುತ್ತಿತ್ತು. ಇನ್ನೊಂದು ಮಾತು. ಈ ಕ್ರೂಸೋ ಹೊರಟಿದ್ದೇ ಆಫ್ರಿಕಾದಿಂದ ಗುಲಾಮರನ್ನು ತರೋಕೆ. ಸ್ವಂತ ದುಡಿಮೆಯ ಕಥೆ ಅಂತ ಹೊಗಳುವವರು ಆ ಪುಟ ಹಾರಿಸಿ ಓದಿರುತ್ತಾರೆ.

ಈ ಕಾದಂಬರಿಯ ಹಿಂದೆ ಇದ್ದಾನೆ ಅಂತ ಹೇಳುವ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್‌ಗೆ ಕಾಳಿನ ಅದೃಷ್ಟ ಇರಲಿಲ್ಲ. ಹಡಗು ಸೋರುತ್ತಿದೆ ಅಂತ ಕ್ಯಾಪ್ಟನ್ ಜೊತೆ ಜಗಳವಾಡಿ 1704ರಲ್ಲಿ ಚಿಲಿ ಕರಾವಳಿಯಾಚೆಯ ದ್ವೀಪದಲ್ಲಿ ಉಳಿದವನು ಅಲ್ಲಿಂದ ಪಾರಾಗಿದ್ದು 1709ರಲ್ಲಿ. ರೊಟ್ಟಿ ಇಲ್ಲ, ಉಪ್ಪಿಲ್ಲ ಅಂತ ಶುರುವಿನಲ್ಲಿ ಹಸಿವು ತಾಳಲಾರದಾಗ ಮಾತ್ರ ತಿನ್ನುತ್ತಿದ್ದನಂತೆ. ಆಮೇಲೆ ಹೆಚ್ಚಾಗಿ ಆಡಿನ ಮಾಂಸವೇ ಊಟ, ಆಡಿನ ಚರ್ಮವೇ ಬಟ್ಟೆ. ಡಿಫೋ ತನ್ನವನ ಕೈಗೆ ಕಾಳು ಕೊಟ್ಟ, ಅವನನ್ನು ರೈತ ಮಾಡಿದ. ಆ ಜಾಣ್ಮೆಗೆ ನನ್ನ ಪೂರ್ತಿ ಅಂಕ.

ಸಿನಿಮಾದವರಿಗೆ ಈ ತಾಳ್ಮೆ ಇಲ್ಲ. 2000ದ ‘ಕ್ಯಾಸ್ಟ್ ಅವೇ’ ನಂಗೂ ಇಷ್ಟ, ಟಾಮ್ ಹ್ಯಾಂಕ್ಸ್ ಸೊಗಸಾಗಿ ಮಾಡಿದ್ದಾರೆ. ಆದರೆ ಹುಳುಕು ಹಲ್ಲು ಕಿತ್ತುಕೊಂಡ ಕೂಡಲೇ ತೆರೆ ಮೇಲೆ ‘ನಾಲ್ಕು ವರ್ಷಗಳ ನಂತರ’! ಅಷ್ಟರಲ್ಲಿ ಮನುಷ್ಯ ಸಣಕಲಾಗಿ, ಈಟಿ ಎಸೆದು ಮೀನು ಹಿಡಿಯುವುದರಲ್ಲಿ ಪಳಗಿಬಿಟ್ಟಿರುತ್ತಾನೆ. ಅಯ್ಯೋ, ನಾನು ಟಿಕೆಟ್ ಕೊಟ್ಟು ನೋಡೋಕೆ ಹೋಗಿದ್ದೇ ಆ ನಾಲ್ಕು ವರ್ಷ ಕಣ್ರೀ.