ಹದಿನೇಳಕ್ಕೆ ಸಹಿ, ಹದಿನೆಂಟಕ್ಕೆ ಶಾಯಿ

ಮತದಾನದ ವಯಸ್ಸನ್ನು ಹದಿನಾರಕ್ಕೋ ಹದಿನೇಳಕ್ಕೋ ಇಳಿಸಿ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: "ಹುಡುಗರಿಗೆ ಇನ್ನೂ ಬುದ್ಧಿ ಬಲಿತಿಲ್ಲ." ಬುದ್ಧಿ ಬಲಿತಿದೆಯೋ ಇಲ್ಲವೋ ಎಂದು ನಮ್ಮ ಕಾನೂನು ಮಾವಿನಕಾಯಿಯ ಹಾಗೆ ಹಿಸುಕಿ ನೋಡುವುದಿಲ್ಲ, ಕ್ಯಾಲೆಂಡರ್ ನೋಡುತ್ತದೆ. ಅದರ ಪ್ರಕಾರ ದೇಶದಲ್ಲಿ ಬುದ್ಧಿ ಬಲಿಯುವುದು ವರ್ಷಕ್ಕೆ ನಾಲ್ಕೇ ದಿನ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಅಕ್ಟೋಬರ್ 1ರಂದು ಹದಿನೆಂಟು ತುಂಬಿದವಳು ಅಂದೇ ಮತದಾರರ ಪಟ್ಟಿಗೆ ಅರ್ಹಳು. ಮಾರನೇ ದಿನ, ಗಾಂಧಿ ಜಯಂತಿಯಂದು ತುಂಬಿದವಳಿಗೆ ಹೊಸ ವರ್ಷದವರೆಗೂ ತಿಳಿವಳಿಕೆ ಸಾಲದು. ಇದು ಸುಧಾರಣೆ ಆದ ಮೇಲಿನ ಸ್ಥಿತಿ. 2022ರ ಆಗಸ್ಟ್‌ಗೆ ಮುಂಚೆ ಜನವರಿ 1 ಒಂದೇ ಮುಹೂರ್ತವಿತ್ತು. ಜನವರಿ 2ರಂದು ಹುಟ್ಟಿದವರು ಹೆಚ್ಚುಕಡಿಮೆ ಇನ್ನೊಂದು ವರ್ಷ ದಡ್ಡರಾಗಿಯೇ ಇರಬೇಕಿತ್ತು.

ಈ ಲೆಕ್ಕದಲ್ಲಿ ಹಳೇ ತಲೆಮಾರಿನವರೇ ಪುಣ್ಯವಂತರು. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಅಂದಾಜಿನ ಮೇಲೆ "ಜೂನ್ 1" ಎಂದು ಬರೆದುಕೊಂಡರು. ಊರಿಗೆ ಊರೇ ಒಂದೇ ದಿನ ಹುಟ್ಟಿ, ಒಂದೇ ದಿನ ಪ್ರಬುದ್ಧವಾಯಿತು.

ಇರಲಿ, ಹದಿನೇಳರವರನ್ನು ಚುನಾವಣಾ ಆಯೋಗ ಪೂರ್ತಿ ಕೈಬಿಟ್ಟಿಲ್ಲ. ಹದಿನೇಳು ದಾಟಿದವರು ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ-6 ಅನ್ನು ಮುಂಗಡವಾಗಿ ತುಂಬಿಕೊಡಬಹುದು. ಹದಿನೆಂಟಾದ ತ್ರೈಮಾಸಿಕದಲ್ಲಿ ಅದನ್ನು ಪರಿಶೀಲಿಸಿ ಹೆಸರು ಸೇರಿಸುತ್ತಾರೆ. ಪಾಸ್‌ಪೋರ್ಟ್ ಸೈಜಿನ ಫೋಟೊ, ವಯಸ್ಸಿಗೆ ಜನನ ಪ್ರಮಾಣಪತ್ರವೋ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೋ, ವಿಳಾಸಕ್ಕೆ ಅಪ್ಪನ ಹೆಸರಿನ ಕರೆಂಟ್ ಬಿಲ್ಲೋ ಆಧಾರೋ. ಕೊನೆಯಲ್ಲಿ ಒಂದು ಘೋಷಣೆ, ಅದರ ಕೆಳಗೆ ಸಹಿ. ಈ ಸಹಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಸುಳ್ಳು ಹೇಳಿದ್ದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದೇ ಹುಡುಗ ಇದೇ ಪೆನ್ನಿನಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕಿದರೆ ಕಾನೂನು ನಗುತ್ತದೆ; ಅಪ್ರಾಪ್ತರ ಕರಾರು ಹುಟ್ಟುವಾಗಲೇ ಅನೂರ್ಜಿತ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿಬಿಟ್ಟಿದೆ. ಅಂದರೆ ಒಂದು ರೂಮು ಹಿಡಿಯಲು ಸಾಲದ ಸಹಿ, ಪಟ್ಟಿಯ ಅರ್ಜಿಗೆ ಸಾಕು. ಆ ಅರ್ಜಿಯಿಂದ ಸಿಗುವ ಮತಕ್ಕೆ ಮಾತ್ರ ಮತ್ತೆ ಸಾಲದು.

ಉಳಿದ ಇಲಾಖೆಗಳು ಇಷ್ಟು ಮಡಿವಂತಿಕೆ ಮಾಡುವುದಿಲ್ಲ. ಹದಿನಾರು ದಾಟಿದವನು ಘೋರ ಅಪರಾಧ ಮಾಡಿದರೆ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅವನ ಮಾನಸಿಕ ಸಾಮರ್ಥ್ಯ ಅಳೆದು ವಯಸ್ಕನಂತೆ ವಿಚಾರಣೆಗೆ ಕಳಿಸಬಹುದು. ಹದಿನೇಳೂವರೆಗೆ ಅಗ್ನಿವೀರನಾಗಿ ಭರ್ತಿಯಾಗಬಹುದು. ತನ್ನ ಪ್ರತಿಭೆಯಿಂದ ದುಡಿದರೆ ಆ ವರಮಾನ ಅಪ್ಪನ ಲೆಕ್ಕಕ್ಕೆ ಹೋಗುವುದಿಲ್ಲ, ತೆರಿಗೆ ಅವನ ತಲೆಗೇ ಬರುತ್ತದೆ. ಹದಿನಾರಕ್ಕೆ 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ ಲೈಸೆನ್ಸ್ ಕೂಡ ಉಂಟು. (ಅಂಥ ಗಾಡಿಯನ್ನು ಶೋರೂಮಿನಲ್ಲಿ ಹುಡುಕಿ ತರುವ ಹೊತ್ತಿಗೆ ಹದಿನೆಂಟಾಗಿರುತ್ತದೆ, ಅದು ಬೇರೆ ಮಾತು.) ಜೈಲು, ಬಂದೂಕು, ತೆರಿಗೆ ಇವುಗಳಿಗೆ ಬಲಿತ ಬುದ್ಧಿ, ಗುಂಡಿ ಒತ್ತುವ ಹೊತ್ತಿಗೆ ಮತ್ತೆ ಹೀಚಾಗುತ್ತದೆ.

"ಅಪ್ಪ ಹೇಳಿದವರಿಗೇ ಒತ್ತುತ್ತಾರೆ" ಎಂಬುದು ಎರಡನೇ ಆಕ್ಷೇಪ. ಹದಿನೇಳರ ಮಗ ಅಪ್ಪನ ಮಾತು ಕೇಳುತ್ತಾನೆ ಎಂದು ನಂಬಿರುವವರ ಮನೆಯಲ್ಲಿ ಆ ವಯಸ್ಸಿನ ಮಕ್ಕಳು ಇರಲಾರರು.

ಮೂರನೆಯದು, "ಚುನಾವಣೆ ಎಂದರೇನೆಂದು ಇವರಿಗೆ ಗೊತ್ತಿಲ್ಲ." ಇಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗೆ ನಿಯಮ ಸೂಚಿಸಿದ 2006ರ ಲಿಂಗ್ಡೊ ಸಮಿತಿಯ ವರದಿ ತೆಗೆದು ನೋಡಬೇಕು. ಪದವಿ ವಿದ್ಯಾರ್ಥಿ ಹದಿನೇಳಕ್ಕೇ ಕಾಲೇಜು ಸಂಘದ ಚುನಾವಣೆಗೆ ನಿಲ್ಲಬಹುದು. ಆದರೆ ಶೇ 75 ಹಾಜರಾತಿ ಇರಬೇಕು. ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು. ಕ್ರಿಮಿನಲ್ ಹಿನ್ನೆಲೆ ಇರಬಾರದು. ಅಚ್ಚು ಹಾಕಿಸಿದ ಪೋಸ್ಟರ್ ನಿಷಿದ್ಧ, ಕೈಯಲ್ಲಿ ಬರೆದದ್ದು ಮಾತ್ರ. ಖರ್ಚಿನ ಮಿತಿ 5,000 ರೂಪಾಯಿ. ಇವನೇ ಇಪ್ಪತ್ತೈದು ದಾಟಿ ಲೋಕಸಭೆಗೆ ನಿಂತರೆ ಮಿತಿ 95 ಲಕ್ಷ. ಹಾಜರಾತಿಯ ಕಾಟವೂ ಅಷ್ಟಕ್ಕಷ್ಟೆ: ಅನುಮತಿಯಿಲ್ಲದೆ ಅರವತ್ತು ದಿನ ಸದನಕ್ಕೆ ಬರದಿದ್ದರೆ ಸ್ಥಾನ ತೆರವೆಂದು ಘೋಷಿಸ'ಬಹುದು', ಆ ಅರವತ್ತರಲ್ಲೂ ಸದನವನ್ನು ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ್ದರೆ ಆ ದಿನಗಳು ಲೆಕ್ಕಕ್ಕಿಲ್ಲ. ಕ್ರಿಮಿನಲ್ ಹಿನ್ನೆಲೆಯ ಮಾತೆತ್ತಿದರೆ, ಜೈಲಿನಲ್ಲಿರುವವನು ಮತ ಹಾಕುವಂತಿಲ್ಲ, ಸ್ಪರ್ಧಿಸಬಹುದು. ಹದಿನೇಳರವನಿಗಿಂತ ಒಂದು ಹಕ್ಕು ಜಾಸ್ತಿಯೇ.

ಹೊರಗೆ ನೋಡಿದರೆ ಬ್ರೆಜಿಲ್ 1988ರಿಂದಲೂ ಹದಿನಾರಕ್ಕೆ ಮತ ಕೊಟ್ಟಿದೆ, ಹದಿನೆಂಟರವರೆಗೆ ಇಷ್ಟವಿದ್ದರೆ ಹಾಕು ಎಂದು. ಆಸ್ಟ್ರಿಯ 2007ರಲ್ಲಿ ಇಳಿಸಿತು. ಎರಡೂ ದೇಶ ಇನ್ನೂ ಭೂಪಟದಲ್ಲಿವೆ.

ನಮ್ಮಲ್ಲಿ ಇಳಿಸಿದ್ದು ಒಮ್ಮೆ: 61ನೇ ತಿದ್ದುಪಡಿ, ಇಪ್ಪತ್ತೊಂದರಿಂದ ಹದಿನೆಂಟಕ್ಕೆ, 1989ರ ಮಾರ್ಚ್‌ನಲ್ಲಿ ಜಾರಿ. ಅದೇ ವರ್ಷ ನವೆಂಬರ್‌ನಲ್ಲಿ ಚುನಾವಣೆ. ಹಕ್ಕು ಕೊಟ್ಟ ಆಡಳಿತ ಪಕ್ಷ 400ಕ್ಕೂ ಹೆಚ್ಚು ಸ್ಥಾನದಿಂದ 197ಕ್ಕೆ ಬಂತು. ಸೋಲಿಗೆ ಬೇರೆ ಕಾರಣ ಬೇಕಾದಷ್ಟಿದ್ದವು. ಆದರೂ ಅಲ್ಲಿಂದೀಚೆಗೆ ಯಾವ ಆಡಳಿತ ಪಕ್ಷವೂ ಸಂವಿಧಾನದ 326ನೇ ವಿಧಿಯಲ್ಲಿರುವ ಆ ಅಂಕಿಯನ್ನು ಮುಟ್ಟಲು ಹೋಗಿಲ್ಲ.

ಅಷ್ಟಕ್ಕೂ ಹದಿನೆಂಟು ಎನ್ನುವುದೇ ಬರೀ ಕಾಗದದ ಮೇಲಿನ ಅಂಕಿ. 2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನವೇ ಹದಿನೆಂಟು ತುಂಬಿದ ಹುಡುಗನನ್ನು ತೆಗೆದುಕೊಳ್ಳಿ. ನಮೂನೆ-6 ಕೊಡುತ್ತಾನೆ. ಪರಿಶೀಲನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದಾಗ ಅವನು ಹಾಸ್ಟೆಲ್‌ನಲ್ಲಿ. "ಸ್ಥಳದಲ್ಲಿ ವಾಸವಿಲ್ಲ" ಎಂದು ಷರಾ ಬಿದ್ದು ಅರ್ಜಿ ತಿರಸ್ಕೃತ. ಹಾಸ್ಟೆಲ್ ವಿಳಾಸದಲ್ಲಿ ಮತ್ತೆ ಹಾಕುತ್ತಾನೆ. ಈ ಸಲ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಅದೂ ಸರಿಹೋಗಿ, ಆಕ್ಷೇಪಣೆಗೆಂದು ಇಟ್ಟ ಏಳು ದಿನ ಕಳೆದು, ಕಾರ್ಡ್ ಅಂಚೆಯಲ್ಲಿ ಬರುತ್ತದೆ. ವಿಧಾನಸಭೆ ಚುನಾವಣೆ ಬರಬೇಕಾದ್ದು 2028ರಲ್ಲಿ, ಲೋಕಸಭೆಯದು 2029ರಲ್ಲಿ. ಹದಿನೆಂಟಕ್ಕೆ ಹಕ್ಕು ಪಡೆದವನು ಸಂಸತ್ತಿಗೆ ಮೊದಲ ಮತ ಹಾಕುವಾಗ ಇಪ್ಪತ್ತಮೂರರ ಹೊಸ್ತಿಲಲ್ಲಿರುತ್ತಾನೆ. ಅಷ್ಟರಲ್ಲಿ ಗಡ್ಡ ಬಂದಿರುತ್ತದೆ, ಕೂದಲು ಸ್ವಲ್ಪ ಹೋಗಿರುತ್ತದೆ. ಮತಗಟ್ಟೆಯ ಅಧಿಕಾರಿ ಕಾರ್ಡನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಇದು ನೀವೇನಾ?" ಎನ್ನುತ್ತಾರೆ. ಫೋಟೊ ಬದಲಿಸಬೇಕಿದ್ದರೆ ತುಂಬಬೇಕಾದ್ದು ನಮೂನೆ-8.