ಮಲೆಪರೊಳ್ ಗಂಡ, ಇಪ್ಪತ್ತಕ್ಕೆ ಹತ್ತಡಿ

ಕೊಡಗಿನಲ್ಲಿ ಈಗ ಎರಡು ಜಾತಿಯ ಹುಲಿಗಳಿವೆ. ಒಂದು ತೋಟಕ್ಕೆ ನುಗ್ಗಿ ದನ ಹಿಡಿಯುತ್ತದೆ. ಅದಕ್ಕೆ ಅರಣ್ಯ ಇಲಾಖೆಯವರು ಬೋನು ಇಡುತ್ತಾರೆ. ಇನ್ನೊಂದು ‘ಕೊಡಗಿನ ಹುಲಿ’ ಎಂಬ ಬಿರುದು ಹೊತ್ತು ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಕೈಮುಗಿದುಕೊಂಡು ನಿಂತಿರುತ್ತದೆ. ಅದನ್ನು ಹಿಡಿಯುವ ಇಲಾಖೆ ಇಲ್ಲ.

ಬಿರುದು ಹೊರುವ ಈ ವಿದ್ಯೆ ಹೊಸತಲ್ಲ. ಸಾವಿರ ವರ್ಷದ ಹಿಂದೆ, 1004ರ ಸುಮಾರಿಗೆ, ಪಣಸೋಗೆ ಯುದ್ಧದಲ್ಲಿ ಮನಿಜ ಎಂಬವನು ಚೆನ್ನಾಗಿ ಕಾದಿದನೆಂದು ರಾಜರಾಜ ಚೋಳ ಅವನಿಗೆ ಮಾಲಂಬಿಯನ್ನೂ ‘ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಕೊಟ್ಟ. ಅವನಾದರೂ ಕಾದಿ ಗಳಿಸಿದ. ಮುಂದಿನವರು ಒಡೆಯನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿ ‘ರಾಜೇಂದ್ರ ಚೋಳ ಕೊಂಗಾಳ್ವ’ರಾದರು, ಹೈಕಮಾಂಡಿನ ಫೋಟೊ ಮೇಲ್ಗಡೆ ಹಾಕುವ ಪದ್ಧತಿಗೆ ಇದೇ ಮೂಲ. ಅಷ್ಟಕ್ಕೇ ನಿಲ್ಲದೆ ‘ಒರೆಯೂರು ಪುರವರಾಧೀಶ್ವರ’ ಎಂದೂ ಕೆತ್ತಿಸಿಕೊಂಡರು. ಮಾಲಂಬಿ ಇರುವುದು ಸೋಮವಾರಪೇಟೆ ಕಡೆ, ಒರೆಯೂರು ಇರುವುದು ತಿರುಚಿನಾಪಳ್ಳಿಯಲ್ಲಿ. ವಾರ್ಡ್ ಚುನಾವಣೆ ಸೋತವರು ‘ಭಾವಿ ಸಚಿವರು’ ಆಗುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕೆ?

ಆಮೇಲೆ ಪೈಪೋಟಿ. ಹೊಯ್ಸಳರು ‘ಮಲೆಪರೊಳ್ ಗಂಡ’ರಾದರು, ಅಂದರೆ ಬೆಟ್ಟದ ನಾಯಕರನ್ನೆಲ್ಲ ಮೀರಿಸಿದವರು. ವಿಜಯನಗರದವರು ‘ಮೂರುರಾಯರ ಗಂಡ’ ಎಂದರು. ಕೊನೆಗೆ ಮೈಸೂರಿನವರು ‘ಬಿರುದೆಂತೆಂಬರ ಗಂಡ’ ಎಂದುಬಿಟ್ಟರು: ನನಗೆ ಇಂಥ ಬಿರುದಿದೆ ಎನ್ನುವವರೆಲ್ಲರ ಗಂಡ. ಅಲ್ಲಿಗೆ ಆಟ ಮುಗಿಯಬೇಕಿತ್ತು. ನಮ್ಮ ಫ್ಲೆಕ್ಸ್ ಅಂಗಡಿಗಳಿಗೆ ಈ ಸುದ್ದಿ ಮುಟ್ಟಿಲ್ಲ.

ಅಲ್ಲಿನ ಕ್ರಮ ಹೀಗೆ. ಇಪ್ಪತ್ತಕ್ಕೆ ಹತ್ತಡಿಯ ಫ್ಲೆಕ್ಸಿನಲ್ಲಿ ಅರ್ಧ ಜಾಗ ನಾಯಕರ ಸೊಂಟದಿಂದ ಮೇಲಿನ ಭಾಗಕ್ಕೆ. ತುದಿಯಲ್ಲಿ ಅಡ್ಡಕ್ಕೆ ಬಿರುದು. ಅದರ ಕೆಳಗಿನ ಸಾಲು ದೆಹಲಿಗೆ, ಆಮೇಲಿನದು ಬೆಂಗಳೂರಿಗೆ. ತಳದಲ್ಲಿ ಶುಭ ಕೋರುವವರು, ಒಬ್ಬೊಬ್ಬರೂ ಒಂದೊಂದು ವೃತ್ತದಲ್ಲಿ. ಒಂದು ಮುಖ ಬಿಟ್ಟುಹೋದರೆ ಆ ಮುಖ ಮಾರನೇ ದಿನ ಎದುರು ಬಣದ ಫ್ಲೆಕ್ಸಿನಲ್ಲಿ ಇರುತ್ತದೆ. ಅಕ್ಷರ ಜೋಡಿಸುವ ಹುಡುಗನಿಗೆ ಲಕಾರ ಳಕಾರದ ಭೇದವಿಲ್ಲದಿದ್ದರೆ ‘ಕೊಡಗಿನ ಹುಳಿ’ ಅಚ್ಚಾಗಿ ಬರುತ್ತದೆ. ತಪ್ಪೆನ್ನುವ ಹಾಗಿಲ್ಲ, ಕೊಡಗಿನ ಹುಳಿ ಕಾಚಂಪುಳಿ. ಪಂದಿ ಕರಿಗೆ, ಅಂದರೆ ಹಂದಿ ಸಾರಿಗೆ, ಒಂದು ಚಮಚ ಸಾಕು, ಜಾಸ್ತಿಯಾದರೆ ಬಾಯಿಗಿಡಲಾಗದು.

ಮಳೆಗಾಲದಲ್ಲಿ ಅಸಲು ಪರೀಕ್ಷೆ. ಇನ್ನೂರು ಚದರಡಿಯ ಹಾಳೆ ಮುಂಗಾರಿನ ಗಾಳಿಗೆ ಹಡಗಿನ ಹಾಯಿ ಇದ್ದ ಹಾಗೆ. ಗಾಳಿ ಹಾದುಹೋಗಲೆಂದು ಅಲ್ಲಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ಯಬೇಕು, ಕಟ್ಟುವವರಿಗೆ ಅದು ಗೊತ್ತು. ಆದರೆ ಕೊಯ್ಯುವುದು ಎಲ್ಲಿ? ನಾಯಕರ ಕೆನ್ನೆಯಲ್ಲೇ? ಅಭಿಮಾನಿಗಳು ಬಿಡುವುದಿಲ್ಲ. ಆಗ ಮೇಲಿನ ಮೂಲೆಯ ಹಗ್ಗದ ತೂತು ಮೊದಲು ಹರಿಯುತ್ತದೆ, ಬಿರುದು ಇರುವುದೂ ಅಲ್ಲೇ. ಎಡಮೂಲೆ ಮಡಚಿದರೆ ಊರಿಲ್ಲದ ‘ಹುಲಿ’ ಉಳಿಯುತ್ತದೆ. ಬಲಮೂಲೆ ಮಡಚಿದರೆ ‘ಕೊಡಗಿನ’ ಅಷ್ಟೇ; ಕೊಡಗಿನ ಏನು ಎಂಬುದನ್ನು ಓದುವವರೇ ತುಂಬಿಸಿಕೊಳ್ಳಬೇಕು, ತುಂಬಿಸಿಕೊಳ್ಳುತ್ತಾರೆ ಕೂಡ.

ಅಂದಹಾಗೆ, ಸರ್ಕಾರ 2016ರ ಮಾರ್ಚಿನಲ್ಲೇ ಫ್ಲೆಕ್ಸ್ ನಿಷೇಧಿಸಿದೆ. ಆ ಆದೇಶಕ್ಕೊಂದು ಬಿರುದು ಇಲ್ಲದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ.

ಹರಿದು ಬಿದ್ದದ್ದನ್ನು ಸೌದೆ ರಾಶಿಯ ಮೇಲೆ ಮುಖ ಒಳಗಾಗಿ ಹೊದಿಸಿ, ನಾಲ್ಕು ಮೂಲೆಗೆ ಕಲ್ಲು ಹೇರಿದರೆ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆ ತಡೆಯುತ್ತದೆ. ಕಣದಲ್ಲಿ ಮಾತ್ರ ಹಾಸಿ ಕಾಫಿ ಹರಡಬೇಡಿ, ಇಂಕಿನ ವಾಸನೆ ಬೀಜಕ್ಕೆ ಹತ್ತುತ್ತದೆ.